ಓಣಿಯ ನಾಯಿಗೆ ಸೆಮಿಸ್ಟರ್ ರಜೆ ಇಲ್ಲ: ದಾವಣಗೆರೆಯ ಕಾಲೇಜು ಬಡಾವಣೆಗಳಲ್ಲಿ ನಾಯಿಗಳ ಜೊತೆ ಬದುಕುವ ಬಗೆ

ಪರೀಕ್ಷೆ ಮುಗಿದ ವಾರ ವಿದ್ಯಾನಗರದ ನಮ್ಮ ಓಣಿ ಬರಿದಾಗುತ್ತದೆ. ಬ್ಯಾಗು, ಬಕೆಟ್ಟು, ಹಾಸಿಗೆ ಸುರುಳಿ ಹೊತ್ತ ಹುಡುಗರು ಆಟೊ ಹತ್ತಿ ಊರಿಗೆ ಹೊರಡುತ್ತಾರೆ. ಅವತ್ತು ಸಂಜೆಯೂ ನಾಯಿಗಳು ಎಂದಿನಂತೆ ಮೆಸ್ಸಿನ ಹಿಂಬಾಗಿಲಿಗೆ ಬಂದು ಕೂರುತ್ತವೆ. ಬಾಗಿಲು ತೆರೆಯುವುದಿಲ್ಲ. ಎರಡು ಮೂರು ದಿನ ಕಾದು ನೋಡುತ್ತವೆ. ಆಮೇಲೆ ಕಸದ ಚೀಲ ಹರಿಯುವುದು, ಒಂದಕ್ಕೊಂದು ಕಚ್ಚಾಡುವುದು, ಗಾಡಿಗಳ ಬೆನ್ನು ಹತ್ತುವುದು ಶುರು. ನಾಯಿಗಳಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು ಓಣಿಯವರು ಕೇಳುತ್ತಾರೆ. ಆಗಿದ್ದು ಇಷ್ಟೇ: ಊಟ ಹಾಕುತ್ತಿದ್ದವರು ಊರಿಗೆ ಹೋಗಿದ್ದಾರೆ.

ನಮ್ಮ ಮನೆಯ ಮೇಲಿನ ಎರಡು ಕೋಣೆಗಳನ್ನು ಬಹಳ ವರ್ಷಗಳಿಂದ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಾ ಬಂದಿದ್ದೇವೆ. 1951ರ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ಮೆಡಿಕಲ್ ಕಾಲೇಜು, 1979ರ ಬಿಐಇಟಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ತೋಳಹುಣಸೆಯಲ್ಲಿ ಆದ ವಿಶ್ವವಿದ್ಯಾಲಯ ಹೀಗೆ ಒಂದೊಂದಾಗಿ ಬೆಳೆದ ಊರು ನಮ್ಮದು. ಓಣಿಗಳು ಕಾಲೇಜಿನ ಕ್ಯಾಲೆಂಡರಿಗೆ ಒಗ್ಗಿಹೋಗಿವೆ, ಓಣಿಯ ನಾಯಿಗಳ ಹೊಟ್ಟೆಯೂ ಒಗ್ಗಿದೆ. ಹೊಸದಾಗಿ ಬಂದ ಮಕ್ಕಳು ಪ್ರತಿ ವರ್ಷ ನನ್ನನ್ನು ‘ಈ ನಾಯಿಗಳ ಜೊತೆ ಬದುಕುವುದು ಹೇಗೆ’ ಎಂಬ ಅದೇ ಪ್ರಶ್ನೆ ಕೇಳುತ್ತಾರೆ, ನಾನೂ ಅದೇ ಉತ್ತರ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾಯಿಗೆ ನೀವು ಏನೇ ಮಾಡಿ, ನೀವು ಊರಲ್ಲಿ ಇಲ್ಲದಾಗಲೂ ನಡೆಯುವಂಥದ್ದನ್ನೇ ಮಾಡಿ. ಮುಂದೆ ಹೇಳುವ ಎಲ್ಲ ಹೆಜ್ಜೆಗಳಿಗೂ ಇದೇ ಅಳತೆಗೋಲು.

ಮೊದಲ ವಾರ: ಎಣಿಸಿ, ಕಿವಿ ನೋಡಿ

ಕೋಣೆ ಹಿಡಿದ ಮೊದಲ ವಾರದಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ಎದ್ದು ಓಣಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಆ ಹೊತ್ತಿಗೆ ನಾಯಿಗಳು ಕಟ್ಟಡದ ಮರಳುಗುಡ್ಡೆಯ ಮೇಲೆ, ನಿಂತ ಕಾರಿನ ಕೆಳಗೆ, ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಮಲಗಿರುತ್ತವೆ. ಎಷ್ಟಿವೆ, ಯಾವ ಬಣ್ಣ, ಗಂಡೋ ಹೆಣ್ಣೋ ಬರೆದುಕೊಳ್ಳಿ. ಕಿವಿಯ ಅಂಚಿನಲ್ಲಿ ‘ವಿ’ ಆಕಾರದ ಕಚ್ಚು ಇದೆಯೇ ನೋಡಿ. ಇದ್ದರೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಆಗಲೇ ರೇಬಿಸ್ ಲಸಿಕೆಯನ್ನೂ ಹಾಕಿರುತ್ತಾರೆ. ಮೊಲೆ ಜೋತುಬಿದ್ದ ಹೆಣ್ಣು ನಾಯಿ ಕಂಡರೆ ಮರಿಗಳು ಹತ್ತಿರದಲ್ಲೇ ಇವೆ ಎಂದು ತಿಳಿಯಿರಿ. ಆ ಜಾಗಕ್ಕೆ ಎರಡು ತಿಂಗಳು ಹೋಗಬೇಡಿ, ಅದರ ಪಕ್ಕದಲ್ಲಿ ಗಾಡಿಯನ್ನೂ ನಿಲ್ಲಿಸಬೇಡಿ. ಯಾವತ್ತೂ ಯಾರಿಗೂ ಬೊಗಳದ ನಾಯಿಯೂ ಮರಿ ಹಾಕಿದಾಗ ಕಚ್ಚುತ್ತದೆ.

ಈ ಪಟ್ಟಿ ಮುಂದೆ ಪಾಲಿಕೆಗೆ ಅರ್ಜಿ ಕೊಡುವಾಗ ಬೇಕಾಗುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಿ.

ಸೀಟು, ಚಪ್ಪಲಿ, ಗೇಟು

ದಿನನಿತ್ಯದ ಕಿರಿಕಿರಿಯೆಲ್ಲ ಈ ಮೂರರಲ್ಲೇ ಇದೆ. ನಾಯಿ ಸ್ಕೂಟರ್ ಸೀಟಿನ ಮೇಲೆ ಮಲಗುವುದು ಅದು ನೆಲದಿಂದ ಎತ್ತರದಲ್ಲಿದೆ, ಮೆತ್ತಗಿದೆ, ಮಳೆಗಾಲದಲ್ಲಿ ಒಣಗಿರುತ್ತದೆ ಎಂದು. ಮಲಗುವ ಮುಂಚೆ ಕಾಲಿನಿಂದ ಕೆದರುವುದು ಅದರ ಹುಟ್ಟುಗುಣ, ಅದಕ್ಕೇ ಸೀಟು ಹರಿಯುತ್ತದೆ. ಕೆಲವರು ಸೀಟಿನ ಮೇಲೆ ಮುಳ್ಳು ಹಾಕುತ್ತಾರೆ, ಮೊಳೆ ಹೊಡೆದ ಹಲಗೆ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತಲಲ್ಲಿ ಗಾಡಿ ತೆಗೆಯುವ ನಿಮ್ಮ ಕೈಗೇ ಚುಚ್ಚುತ್ತದೆ. ಸೀಟಿನ ಮೇಲೆ ಒಂದು ಬಕೆಟ್ ಬೋರಲು ಹಾಕಿ, ಜಾರದಂತೆ ಹಗ್ಗ ಬಿಗಿಯಿರಿ. ಮೆಟ್ಟಿಲ ಕೆಳಗೆ ಎರಡು ಗೋಣಿಚೀಲ ಮಡಚಿ ಹಾಸಿ. ಬೇರೆ ಒಣ ಜಾಗ ಸಿಕ್ಕಿದ ನಾಯಿ ಸೀಟು ಬಿಡುತ್ತದೆ. ನಮ್ಮ ಮನೆಯಲ್ಲಿ ಒಂದು ವಾರ ಹಿಡಿಯಿತು.

ಚಪ್ಪಲಿ ಕಚ್ಚಿಕೊಂಡು ಹೋಗುವುದು ಸಾಮಾನ್ಯವಾಗಿ ಮರಿಗಳು. ಮೂರು ತಿಂಗಳಿನಿಂದ ಆರೇಳು ತಿಂಗಳವರೆಗೆ ಅವುಗಳ 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರುತ್ತವೆ. ಒಸಡು ತುರಿಸುತ್ತದೆ, ಸಿಕ್ಕಿದ್ದನ್ನು ಜಗಿಯುತ್ತವೆ. ಚಪ್ಪಲಿಯನ್ನು ಸೊಂಟದೆತ್ತರದ ಗೂಡಿನಲ್ಲಿಡಿ, ಹಳೆ ಟವೆಲ್ಲಿಗೆ ಗಂಟು ಹಾಕಿ ಮರಿಯ ಮುಂದೆ ಎಸೆಯಿರಿ.

ಗೇಟಿಗೂ ಗಾಡಿಯ ಚಕ್ರಕ್ಕೂ ಕಾಲೆತ್ತುವುದು ನಾಯಿಗಳು ಒಂದಕ್ಕೊಂದು ಬಿಟ್ಟುಹೋಗುವ ಗುರುತು. ಹಳೆಯ ವಾಸನೆ ಇರುವವರೆಗೂ ಅಲ್ಲಿಗೇ ಬರುತ್ತವೆ. ಸೋಪಿನ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ನಾಲ್ಕೈದು ದಿನ ಬಿಡದೆ ತೊಳೆಯಿರಿ. ಫಿನಾಯಿಲ್ ಸುರಿಯಬೇಡಿ, ಅದನ್ನು ತುಳಿದು ಪಾದ ನೆಕ್ಕಿದ ನಾಯಿ ಬೆಕ್ಕುಗಳಿಗೆ ವಿಷವಾಗುತ್ತದೆ. ಮೂತ್ರದ ಮೇಲೆ ಬ್ಲೀಚಿಂಗ್ ಪುಡಿ ಹಾಕಿದರೆ ಉಸಿರು ಕಟ್ಟುವ ಗಾಳಿ ಏಳುತ್ತದೆ, ಅದೂ ಬೇಡ.

ಇನ್ನು ಮನೆಮನೆಯ ಮುಂದೆ ತೂಗುವ ಕೆಂಪು, ನೀಲಿ ನೀರಿನ ಬಾಟಲಿಗಳ ವಿಷಯ. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ಮಂಕಾದ ಕಂದಿನ ಹಾಗೆ ಕಾಣುತ್ತದೆ. ಎರಡರಲ್ಲೂ ಹೆದರುವಂಥದ್ದು ಏನಿಲ್ಲ. ಆ ಬಾಟಲಿಯ ಪಕ್ಕದಲ್ಲೇ ನಾಯಿ ನಿದ್ದೆ ಮಾಡುವುದನ್ನು ನಾನು ನೋಡಿದ್ದೇನೆ. ಕಟ್ಟಿದವರ ಜೊತೆ ವಾದ ಬೇಡ, ನೀವು ಅದನ್ನು ನಂಬಿ ಕೂರಬೇಡಿ ಅಷ್ಟೇ.

ಊಟ ಹಾಕುವುದಾದರೆ

ಕಾಲೇಜು ಮಕ್ಕಳು ನಾಯಿಗೆ ಊಟ ಹಾಕುವುದು ಪ್ರೀತಿಯಿಂದಲೇ. ಮನೆಬಿಟ್ಟು ಬಂದ ಹದಿನೆಂಟರ ಹುಡುಗನಿಗೆ ಬಾಲ ಅಲ್ಲಾಡಿಸುತ್ತಾ ಬರುವ ಒಂದು ಜೀವ ಎಷ್ಟು ಸಮಾಧಾನ ಕೊಡುತ್ತದೆ ಎಂದು ನನಗೆ ಗೊತ್ತು. ಆದರೆ ಕೈಗೆ ಸಿಕ್ಕಿದ್ದನ್ನು, ಸಿಕ್ಕ ಜಾಗದಲ್ಲಿ, ಸಿಕ್ಕ ಹೊತ್ತಿಗೆ ಹಾಕಿದರೆ ಓಣಿಗೂ ನಾಯಿಗೂ ತೊಂದರೆಯೇ ಹೆಚ್ಚು.

ಮೊದಲು ಜಾಗ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ: ಮಕ್ಕಳು ಆಡುವ ಕಡೆ, ಮನೆಗೆ ಹೋಗಿಬರುವ ದಾರಿಯಲ್ಲಿ, ಮೆಟ್ಟಿಲಿನ ಹತ್ತಿರ ಊಟ ಹಾಕಬಾರದು, ಮಕ್ಕಳು, ವಯಸ್ಸಾದವರು ಹೆಚ್ಚು ಓಡಾಡದ ಹೊತ್ತನ್ನೇ ಆರಿಸಬೇಕು, ಉಂಡ ಜಾಗ ಹೊಲಸಾಗಬಾರದು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಬೀದಿಯಲ್ಲಿ ಎಲ್ಲೆಂದರಲ್ಲಿ ಊಟ ಹಾಕುವಂತಿಲ್ಲ, ವಾರ್ಡಿಗೆ ಇಂತಿಷ್ಟು ಜಾಗವನ್ನು ನಗರಸಭೆ, ಪಾಲಿಕೆಗಳೇ ಗುರುತಿಸಬೇಕು ಎಂದಿತು. ಅದೇ ವರ್ಷ ನವೆಂಬರ್ 7ರ ಆದೇಶದಲ್ಲಿ ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣಗಳಿಂದ ನಾಯಿಗಳನ್ನು ತೆಗೆದು ಆಶ್ರಯತಾಣಕ್ಕೆ ಒಯ್ಯಬೇಕು, ತಿರುಗಿ ಅಲ್ಲಿಗೇ ಬಿಡಬಾರದು ಎಂದೂ ಹೇಳಿತು. ಹಾಗಾಗಿ ಕ್ಯಾಂಟೀನಿನ ಹಿಂದೆ, ಲೈಬ್ರರಿಯ ಮೆಟ್ಟಿಲ ಮೇಲೆ ನಾಯಿಗೆ ಪರೋಟ ಹಾಕುವ ಅಭ್ಯಾಸ ಬಿಟ್ಟುಬಿಡಿ. ನೀವು ಕರೆದು ಕೂರಿಸಿದ ನಾಯಿಯನ್ನೇ ಕೊನೆಗೆ ಬಲೆ ಹಾಕಿ ಒಯ್ಯುತ್ತಾರೆ. ನಿಮ್ಮ ವಾರ್ಡಿನಲ್ಲಿ ಜಾಗ ಗುರುತಾಗಿದೆಯೇ ಎಂದು ಪಾಲಿಕೆಯಲ್ಲಿ ಕೇಳಿ, ಆಗಿಲ್ಲದಿದ್ದರೆ ಗುರುತಿಸಿಕೊಡಿ ಎಂದು ಬರೆದುಕೊಡಿ.

ಆಮೇಲೆ ಹೊತ್ತು. ದಿನಕ್ಕೆ ಒಂದೇ ಸಲ, ಒಂದೇ ಸಮಯಕ್ಕೆ. ಹೊತ್ತು ಗೊತ್ತಿರುವ ನಾಯಿ ಇಡೀ ದಿನ ಹೋಟೆಲಿನ ಮುಂದೆ ಕಾದು ಬಂದವರ ಕೈಗೆ ಹಾರುವುದಿಲ್ಲ.

ಏನು ಹಾಕಬೇಕು? ಉಪ್ಪು ಖಾರ ಇಲ್ಲದ ಅನ್ನ, ಬೇಯಿಸಿದ ಮೊಟ್ಟೆ, ಸ್ವಲ್ಪ ಮೊಸರು. ರಾಗಿ ಅಂಬಲಿ, ರೊಟ್ಟಿ ಚೂರು ಆಗಬಹುದು. ನಮ್ಮೂರಿನ ತಿಂಡಿಗಳಲ್ಲಿ ಒಂದಕ್ಕೆ ಮಾತ್ರ ವಿಶೇಷ ಎಚ್ಚರಿಕೆ ಹೇಳಬೇಕು: ಮಂಡಕ್ಕಿ. ಸಂಜೆ ಪೊಟ್ಟಣದಲ್ಲಿ ಉಳಿದದ್ದನ್ನು ನಾಯಿಗೆ ಸುರಿಯುತ್ತಾರೆ. ಅದರಲ್ಲಿ ಹಸಿ ಈರುಳ್ಳಿ ಇರುತ್ತದೆ, ಬೆಳ್ಳುಳ್ಳಿಯ ಖಾರ ಇರುತ್ತದೆ. ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ತೊಂದರೆ ಅವತ್ತೇ ಕಾಣುವುದಿಲ್ಲ, ಕೆಲವು ದಿನ ಕಳೆದು ನಾಯಿ ಸೊರಗಿ ಮಲಗುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಮಧ್ಯರಾತ್ರಿ ಹುಟ್ಟುಹಬ್ಬದ ಚಾಕೊಲೇಟ್ ಕೇಕೂ ಹಾಗೆಯೇ. ಚಾಕೊಲೇಟಿನ ಥಿಯೋಬ್ರೋಮಿನ್ ಅನ್ನು ಅರಗಿಸುವ ಶಕ್ತಿ ನಾಯಿಗೆ ಕಡಿಮೆ, ಹೃದಯ ಬಡಿತ ಏರುತ್ತದೆ, ಫಿಟ್ಸ್ ಬರಬಹುದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಟ್ಟದ್ದು. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಬಿಸ್ಕತ್ತು ವಿಷವಲ್ಲದಿದ್ದರೂ ಊಟವೂ ಅಲ್ಲ. ದಿನಾ ಬಿಸ್ಕತ್ತೇ ತಿಂದ ನಾಯಿಗೆ ಸಕ್ಕರೆ ಬಿಟ್ಟು ಬೇರೇನೂ ಸಿಕ್ಕಿರುವುದಿಲ್ಲ.

ನೀರು ಮಾತ್ರ ಯಾವ ಲೆಕ್ಕವಿಲ್ಲದೆ ಇಡಿ. ಏಪ್ರಿಲ್ ಮೇ ತಿಂಗಳ ನಮ್ಮೂರಿನ ಬಿಸಿಲು ನಿಮಗೇ ಗೊತ್ತು, ಮಧ್ಯಾಹ್ನದ ಡಾಂಬರಿನ ಮೇಲೆ ಅಂಗೈ ಐದು ಸೆಕೆಂಡು ಇಡಲಾಗುವುದಿಲ್ಲ. ನಾಯಿ ಬಹುಪಾಲು ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು, ಅದಕ್ಕೆ ನೀರು ಬೇಕು. ಅಗಲ ಬಾಯಿಯ ಸಿಮೆಂಟ್ ತೊಟ್ಟಿ ನೆರಳಿನಲ್ಲಿಡಿ, ಪ್ಲಾಸ್ಟಿಕ್ ಆದರೆ ಮರಿಗಳು ಕಚ್ಚಿ ಎಳೆದೊಯ್ಯುತ್ತವೆ. ದಿನಾ ನೀರು ಚೆಲ್ಲಿ ಹೊಸದು ತುಂಬಿ, ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡಿರುತ್ತದೆ, ಬರೀ ನೀರು ಬದಲಿಸಿದರೆ ಹೋಗುವುದಿಲ್ಲ.

ಕಸದ ಬಗ್ಗೆ ಎರಡೇ ಮಾತು. ರಾತ್ರಿ ತಿಂದ ಬಿರಿಯಾನಿ ಪಾರ್ಸೆಲ್ಲಿನ ಮೂಳೆ ಕವರನ್ನು ಕಂಬದ ಬುಡಕ್ಕೆ ಇಡಬೇಡಿ, ಬೆಳಿಗ್ಗೆ ಕಸದ ಗಾಡಿ ಬಂದಾಗಲೇ ಕೈಯಾರೆ ಕೊಡಿ. ಎಂಟರ ಕ್ಲಾಸಿದ್ದರೆ ಮುಚ್ಚಳವಿರುವ ಬಕೆಟ್ಟಿನಲ್ಲಿ ಹಾಕಿ ಕೆಳಗಿನ ಮನೆಯವರಿಗೆ ಹೇಳಿ ಹೋಗಿ. ಯಾರೂ ಇಲ್ಲ ಅನ್ನುವುದಿಲ್ಲ.

ರಾತ್ರಿ ನಡೆದು ಬರುವಾಗ, ಗಾಡಿಯಲ್ಲಿ ಬರುವಾಗ

ಓದಿ ಹನ್ನೊಂದಕ್ಕೆ ಕೋಣೆಗೆ ಮರಳುವವರಿಗೆ ನಾಯಿಗಳ ಹೆದರಿಕೆ ನಿಜವಾದದ್ದು. ಹೆದರಿಕೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗುಂಪು ಬೊಗಳುತ್ತಾ ಬಂದರೆ ಓಡಬೇಡಿ, ಓಡುವುದನ್ನು ಬೆನ್ನಟ್ಟುವುದು ನಾಯಿಯ ಜಾಯಮಾನ. ನಿಂತುಬಿಡಿ. ಬ್ಯಾಗನ್ನು ಮೊಣಕಾಲಿನ ಮುಂದೆ ಹಿಡಿಯಿರಿ. ಕಣ್ಣಿಗೆ ಕಣ್ಣಿಟ್ಟು ನೋಡದೆ ನೆಲ ನೋಡಿ, ಬೆನ್ನು ತಿರುಗಿಸದೆ ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿಯಿರಿ. ಒಂದು ವೇಳೆ ಬಿದ್ದುಬಿಟ್ಟರೆ ಮೈ ಮುದುಡಿ, ಮುಖ ಒಳಗೆ ಹಾಕಿ, ಎರಡು ಕೈಯಿಂದ ಕುತ್ತಿಗೆ ಕಿವಿ ಮುಚ್ಚಿಕೊಳ್ಳಿ. ಹೆಡ್‌ಫೋನ್ ಹಾಕಿಕೊಂಡು ಮಲಗಿದ ನಾಯಿಯನ್ನು ತುಳಿದವರೇ ಹೆಚ್ಚು ಕಚ್ಚಿಸಿಕೊಳ್ಳುತ್ತಾರೆ ಎಂಬುದು ನಾನು ಕಂಡ ಮಾತು, ನಮ್ಮ ಮನೆಯಲ್ಲೇ ಇಬ್ಬರು ಹಾಗೆ ಕಚ್ಚಿಸಿಕೊಂಡರು.

ಗಾಡಿಯ ಬೆನ್ನು ಹತ್ತಿದಾಗ ಎಲ್ಲರೂ ಮಾಡುವ ತಪ್ಪು ವೇಗ ಹೆಚ್ಚಿಸುವುದು, ಕಾಲು ಮೇಲೆತ್ತುವುದು. ಸ್ಪೀಡ್ ಬ್ರೇಕರ್ ಬಂದರೆ ಉರುಳುವುದು ನೀವೇ. ನಾಯಿಯ ಹಲ್ಲಿಗಿಂತ ಬೀಳುವ ಅಪಾಯ ದೊಡ್ಡದು. ವೇಗ ಇಳಿಸಿ, ಬೇಕಾದರೆ ನಿಂತೇ ಬಿಡಿ. ಓಡುವ ವಸ್ತು ನಿಂತ ಕೂಡಲೇ ಬಹುಪಾಲು ನಾಯಿಗಳು ಸುಮ್ಮನಾಗುತ್ತವೆ. ಒಂದೇ ತಿರುವಿನಲ್ಲಿ ದಿನಾ ಹೀಗಾಗುತ್ತಿದ್ದರೆ ಚಕ್ರಗಳನ್ನು ತೊಳೆದು ನೋಡಿ, ಬೇರೆ ಓಣಿಯ ನಾಯಿಯ ವಾಸನೆ ಅದಕ್ಕೆ ಅಂಟಿರಬಹುದು.

ಕಚ್ಚಿದರೆ

ಇದನ್ನು ನಿಧಾನವಾಗಿ ಓದಿ. ಉಳಿದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ನಮ್ಮ ಮೇಲಿನ ಕೋಣೆಯ ಹುಡುಗನೊಬ್ಬ ಒಂದು ಕೆಂಚು ಬಣ್ಣದ ಹೆಣ್ಣು ಮರಿಯನ್ನು ಎಂಟು ತಿಂಗಳು ಸಾಕಿದ. ಕೆಂಚಿ ಎಂದು ಹೆಸರಿಟ್ಟ. ಪರೀಕ್ಷೆ ಮುಗಿಸಿ ಊರಿಗೆ ಹೊರಟಾಗ ಅವನ ಕಣ್ಣಲ್ಲಿ ನೀರಿತ್ತು, ಆದರೆ ಅದರ ಊಟದ ಬಗ್ಗೆ ಅವನು ಯಾರಿಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತು ದಿನ ಕೆಂಚಿ ಮೆಟ್ಟಿಲ ಮೇಲೆ ಕಾದಳು. ಹನ್ನೊಂದನೇ ದಿನ ಬೆಳಿಗ್ಗೆ ಬೇರೆ ನಾಯಿಯ ಜೊತೆ ಒಂದು ರೊಟ್ಟಿಗೆ ಜಗಳ ನಡೆದಿತ್ತು, ನಡುವೆ ಬಂದ ಹಾಲು ಹಾಕುವ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿದಳು. ರಕ್ತ ಬಂತು. ಪಕ್ಕದ ಮನೆಯ ಅಜ್ಜಿ ಅರಿಶಿನದ ಡಬ್ಬಿ ಹಿಡಿದು ಓಡಿಬಂದರು. ‘ಬ್ಯಾಡ ಅಜ್ಜಿ, ಏನೂ ಹಚ್ಚಬ್ಯಾಡ್ರಿ, ಮೊದ್ಲು ತೊಳಿಯೋಣ’ ಎಂದು ಅವರ ಕೈ ಹಿಡಿಯಬೇಕಾಯಿತು.

ಹೆಜ್ಜೆ ಒಂದು: ಹರಿಯುವ ನೀರಿನ ಕೆಳಗೆ, ಬಟ್ಟೆ ಸೋಪೋ ಮೈ ಸೋಪೋ ಹಚ್ಚಿ 15 ನಿಮಿಷ ತೊಳೆಯುವುದು. ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ, ಅದಕ್ಕೇ ಮೊಬೈಲಿನಲ್ಲಿ ಹೊತ್ತು ಇಟ್ಟುಕೊಳ್ಳಿ. ರೇಬಿಸ್ ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪು ಅದನ್ನು ಕರಗಿಸುತ್ತದೆ. ಗಾಯದ ಒಳಗೇ ಆಗುವ ಈ ಕೆಲಸವನ್ನು ತಪ್ಪಿಸಬೇಡಿ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಡ್ರಮ್ಮಿನಿಂದ ಚೊಂಬಿನಲ್ಲಿ ಹೊಯ್ಯುತ್ತಾ ಇರಿ.

ಹೆಜ್ಜೆ ಎರಡು: ಪೊವಿಡೋನ್ ಅಯೋಡಿನ್ ಎಂಬ ಸೋಂಕುನಾಶಕ ಇದ್ದರೆ ಹಚ್ಚಿ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ. ಗಾಯವನ್ನು ಕಟ್ಟಬೇಡಿ.

ಹೆಜ್ಜೆ ಮೂರು: ಅವತ್ತೇ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ನಮ್ಮೂರಿನಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಬರೀ ನೆಕ್ಕಿದ್ದು, ಚರ್ಮ ಎಲ್ಲೂ ಒಡೆದಿಲ್ಲ ಎಂದಾದರೆ ತೊಳೆದರೆ ಸಾಕು. ರಕ್ತ ಬರದ ಪರಚು ಗಾಯವಾದರೂ ಲಸಿಕೆ ಬೇಕು. ರಕ್ತ ಬಂದಿದ್ದರೆ, ಅಥವಾ ಮೊದಲೇ ಇದ್ದ ಗಾಯವನ್ನು ನಾಯಿ ನೆಕ್ಕಿದ್ದರೆ, ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನು ಗಾಯದ ಒಳಗೂ ಸುತ್ತಲೂ ಕೊಡಬೇಕು. ‘ರಕ್ತ ಬಂದೈತ್ರಿ ಡಾಕ್ಟ್ರೆ, ಇಮ್ಯುನೊಗ್ಲಾಬ್ಯುಲಿನ್ ಬೇಕಾಗ್ತೈತಾ?’ ಎಂದು ನೀವೇ ಕೇಳಿ. ಲಸಿಕೆಗೆ ಬಲ ಬರಲು ದಿನಗಳು ಬೇಕು, ಅಲ್ಲಿಯವರೆಗೆ ನಿಮ್ಮನ್ನು ಕಾಪಾಡುವುದು ಈ ಮದ್ದು. ಮೊದಲ ದಿನ ಸಿಗದಿದ್ದರೆ ಮೊದಲ ಲಸಿಕೆಯಿಂದ ಏಳು ದಿನದೊಳಗೆ ಹಾಕಿಸಬಹುದು, ಮುಂಚೆ ಆದಷ್ಟೂ ಒಳ್ಳೆಯದು.

ಹೆಜ್ಜೆ ನಾಲ್ಕು: ಲಸಿಕೆಯ ಸುತ್ತು ಮುಗಿಸುವುದು. ಮೊದಲ ಸೂಜಿ ಹಾಕಿಸಿಕೊಂಡ ದಿನವೇ 0. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ, ಎರಡೂ ತೋಳಿಗೆ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಹಳೆಯ ಕಾಲದ್ದು, ಬಿಟ್ಟುಬಿಡಿ. ವಿದ್ಯಾರ್ಥಿಗಳು ಎಡವುವುದು 28ನೇ ದಿನದ ಹತ್ತಿರ. ಅಷ್ಟು ಹೊತ್ತಿಗೆ ಗಾಯ ಮಾಗಿರುತ್ತದೆ, ರಜೆಗೆ ಊರಿಗೆ ಹೋಗಿರುತ್ತಾರೆ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ, ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಮುಂದಿನದನ್ನು ಹಾಕಿಸಿಕೊಳ್ಳಿ. ಮೊಟ್ಟೆ, ಬದನೆಕಾಯಿ ತಿನ್ನಬಾರದು ಎಂಬ ಪಥ್ಯ ಏನೂ ಇಲ್ಲ. ಬಸುರಿಯರೂ ಹಾಕಿಸಿಕೊಳ್ಳಬಹುದು.

‘ನಾಯಿ ಹತ್ತು ದಿನ ಬದುಕುತ್ತೋ ಇಲ್ಲೋ ನೋಡೋಣ’ ಎಂದು ಹಿರಿಯರು ಹೇಳುತ್ತಾರೆ. ನಾಯಿಯ ಮೇಲೆ ಹತ್ತು ದಿನ ಕಣ್ಣಿಡುವುದು ಸರಿಯೇ, ಆದರೆ ಲಸಿಕೆ ಶುರು ಮಾಡಿದ ಮೇಲೆ. ಕಚ್ಚಿಸಿಕೊಂಡವರಲ್ಲಿ ರೋಗದ ಲಕ್ಷಣ ಕಾಣಿಸಿಕೊಂಡರೆ ಉಳಿಸುವ ಮದ್ದು ಇಲ್ಲ. ಲಕ್ಷಣ ಬರಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ, ಆ ಬಿಡುವೇ ನಮಗೆ ಸಿಕ್ಕಿರುವ ಅವಕಾಶ. 1885ರ ಜುಲೈ 6ರಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಲಸಿಕೆ ಶುರು ಮಾಡಿ ಉಳಿಸಿದ್ದು ಇದೇ ಬಿಡುವಿನಲ್ಲಿ. ನಮ್ಮ ಹಾಲಿನ ಹುಡುಗನೂ ಎಲ್ಲ ಸೂಜಿ ಹಾಕಿಸಿಕೊಂಡ. ಹಾಕಿಸಿಕೊಳ್ಳುವ ದಿನಗಳಲ್ಲಿ ನಾನೇ ಜೊತೆಗೆ ಹೋದೆ, ಈಗ ಅವನೇ ಓಣಿಯವರಿಗೆಲ್ಲ ಆ ದಿನಗಳನ್ನು ಬಾಯಿಪಾಠ ಒಪ್ಪಿಸುತ್ತಾನೆ.

ಬೊಗಳುವ ರಾತ್ರಿಗಳು

ಬೀದಿನಾಯಿಯ ಬೊಗಳು ಹೆಚ್ಚಾಗುವುದು ಬೆದೆಗಾಲದಲ್ಲಿ, ಕಾರ್ತಿಕದ ಆಸುಪಾಸು. ಶಸ್ತ್ರಚಿಕಿತ್ಸೆ ಆದರೆ ಅದು ತಾನೇ ಇಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಕೆಡಿಸುವುದು ಬಹಳ ಸಲ ಸಾಕಿದ ನಾಯಿ. ಟೆರೇಸಿನ ಮೇಲೆ ಹಗಲೂ ರಾತ್ರಿ ಮೂರಡಿ ಸರಪಣಿಯಲ್ಲಿ ಕಟ್ಟಿಹಾಕಿದ ನಾಯಿಗೆ ಬೊಗಳುವುದು ಬಿಟ್ಟರೆ ಮಾಡಲು ಬೇರೆ ಏನಿದೆ?

ಮನೆಯವರ ಹತ್ತಿರ ಮಾತಾಡುವುದೇ ದಾರಿ. ರಾತ್ರಿ ಎರಡಕ್ಕೆ ಕಿಟಕಿಯಿಂದ ಕೂಗಬೇಡಿ. ಮರುದಿನ ಸಂಜೆ ಹೋಗಿ, ಹೊಸಿಲ ಹೊರಗೆ ನಿಂತು ದೂರು ಹೇಳುವ ಬದಲು ಒಳಗೆ ಕೂತು ಮಾತಾಡಿ. ನಮ್ಮ ಮನೆಯ ಹುಡುಗಿಯೊಬ್ಬಳು ಹೋಗಿ ಆಡಿದ ಮಾತು ನನಗೆ ಹಿಡಿಸಿತು: ‘ಆಂಟಿ, ಟಾಮಿ ರಾತ್ರಿಯೆಲ್ಲ ಒದರ್ತೈತಿ, ಅದಕ್ಕ ಏನಾರ ತ್ರಾಸ ಐತೇನು ಅಂತ ಕೇಳಾಕ ಬಂದೆ. ಸಂಜಿಗೆ ಅರ್ಧ ತಾಸು ನಾ ಓಡಾಡ್ಸಿಕೊಂಡು ಬರ್ಲಾ?’ ಆ ಮನೆಯವರು ಮೊದಲು ಗಂಟಿಕ್ಕಿದ ಮುಖದಲ್ಲೇ ಇದ್ದರು, ಕೊನೆಗೆ ಚಹಾ ಕೊಟ್ಟರು. ಸಂಜೆ ಅಡ್ಡಾಡಿ ದಣಿದ ನಾಯಿ ರಾತ್ರಿ ಮಲಗಿತು. ಎಲ್ಲ ಮನೆಯಲ್ಲೂ ಹೀಗಾಗುತ್ತದೆ ಎಂದು ಹೇಳಲಾರೆ, ಆದರೂ ಇದನ್ನೇ ಮೊದಲು ಮಾಡಿ ನೋಡಿ. ಅಡ್ಡಾಡಿಸುವಾಗ ಜೇಬಿನಲ್ಲಿ ಹಳೆ ಪತ್ರಿಕೆಯ ಹಾಳೆ ಇಟ್ಟುಕೊಂಡು ನಾಯಿಯ ಹೊಲಸನ್ನು ತೆಗೆಯಿರಿ. ಯಾರದೋ ಮನೆ ರಂಗೋಲಿಯ ಮೇಲೆ ಬಿಟ್ಟು ಬಂದರೆ ಆ ಓಣಿಯಲ್ಲಿ ನಾಯಿ ಹಿಡಿದವರಿಗೆಲ್ಲ ಕೆಟ್ಟ ಹೆಸರು.

ಸಿಟ್ಟಿಗೆದ್ದು ವಿಷ ಹಾಕುವ ಮಾತು ಯಾರಾದರೂ ಆಡಿದರೆ ತಕ್ಷಣ ತಡೆಯಿರಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಅದಕ್ಕೆ ಐದು ವರ್ಷದವರೆಗೆ ಜೈಲು ಇದೆ. ವಿಷದ ತುತ್ತು ನಾಯಿಯ ಬಾಯಿಗೇ ಹೋಗುತ್ತದೆ ಎಂದು ಯಾರು ಹೇಳಬಲ್ಲರು, ಓಣಿಯಲ್ಲಿ ಮಕ್ಕಳೂ ಇದ್ದಾರೆ.

ಕೋಣೆಗೆ ಮರಿ ತರುವ ಮುಂಚೆ

ನಾಯಿಯ ಬಸಿರು ಸುಮಾರು 63 ದಿನ. ಕಾರ್ತಿಕದಲ್ಲಿ ಕೂಡಿದ ನಾಯಿಗಳು ಚಳಿಗಾಲದಲ್ಲಿ ಮರಿ ಹಾಕುತ್ತವೆ. ಚಳಿಯಲ್ಲಿ ಕುಂಯ್‌ಗುಡುವ ಮರಿಯನ್ನು ಸ್ವೆಟರಿನೊಳಗೆ ಹಾಕಿಕೊಂಡು ಕೋಣೆಗೆ ತರುವುದು ಪ್ರತಿ ವರ್ಷ ನಡೆಯುತ್ತದೆ. ಎರಡು ತಿಂಗಳೊಳಗಿನ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ತಾಯಿ ಇದ್ದರೆ ತಾಯಿಗೇ ಊಟ ಹಾಕಿ, ಮರಿಗಳ ಮೇಲೆ ಮಳೆ ಗಾಳಿ ಬೀಳದಂತೆ ಒಂದು ರಟ್ಟಿನ ಪೆಟ್ಟಿಗೆ ಇಡಿ, ಸಾಕು.

ಸಾಕಲೇಬೇಕು ಎಂದಾದರೆ ನಿಮ್ಮನ್ನೇ ಕೇಳಿಕೊಳ್ಳಿ: ನನ್ನ ಕೋರ್ಸು ನಾಲ್ಕು ವರ್ಷ, ನಾಯಿಯ ಆಯುಷ್ಯ ಹತ್ತು ಹನ್ನೆರಡು ವರ್ಷ, ಐದನೇ ವರ್ಷ ಅದು ಎಲ್ಲಿರುತ್ತದೆ? ಊರಿನ ಮನೆಗೆ ಒಯ್ಯುವೆ ಎಂದರೆ ಅಪ್ಪ ಅಮ್ಮನನ್ನು ಈಗಲೇ ಫೋನಿನಲ್ಲಿ ಒಪ್ಪಿಸಿ. ಉತ್ತರ ಇಲ್ಲದಿದ್ದರೆ ಮರಿ ತರಬೇಡಿ. ತಂದಿರಿ ಅಂದರೆ ಆರರಿಂದ ಎಂಟು ವಾರಕ್ಕೆ ಪಾರ್ವೊ ಮುಂತಾದ ರೋಗಗಳ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ. ರಕ್ತಭೇದಿ, ವಾಂತಿ ಒಟ್ಟಿಗೆ ಕಂಡರೆ ಪಾರ್ವೊ ಇರಬಹುದು, ಒಂದು ರಾತ್ರಿಯೂ ಕಾಯದೆ ಪಶು ಆಸ್ಪತ್ರೆಗೆ ಒಯ್ಯಿರಿ. ಬೇಸಿಗೆಯಲ್ಲಿ ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳು ಹುಡುಕಿ ಚಿಮುಟದಿಂದ ಬುಡಕ್ಕೆ ಹಿಡಿದು ಎಳೆಯಿರಿ. ಬೆರಳಲ್ಲಿ ಚಿವುಟಬೇಡಿ, ಸೀಮೆಎಣ್ಣೆ ಹಚ್ಚಬೇಡಿ.

ಅರ್ಜಿ ಬರೆಯುವ ಬಗೆ

ಓಣಿಯಲ್ಲಿ ನಾಯಿ ಕಡಿಮೆಯಾಗಲು ಇರುವ ದಾರಿ ಶಸ್ತ್ರಚಿಕಿತ್ಸೆ, ಅದು ಪಾಲಿಕೆಯ ಕೆಲಸ. ಎಲ್ಲೋ ದೂರ ಬಿಟ್ಟು ಬಂದರೆ ಖಾಲಿಯಾದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ, ಬಿಟ್ಟವು ಹೊಸ ಜಾಗದಲ್ಲಿ ಕಚ್ಚಾಡುತ್ತವೆ. ಹತ್ತರಲ್ಲಿ ಏಳು ನಾಯಿಗಾದರೂ ಲಸಿಕೆ ಬಿದ್ದರೆ ರೇಬಿಸ್ ಹರಡುವ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

‘ನಾಯಿ ಕಾಟ ತಪ್ಪಿಸಿ’ ಎಂದು ಒಂದು ಸಾಲು ಬರೆದರೆ ಕೆಲಸ ಆಗುವುದಿಲ್ಲ. ಮೊದಲ ವಾರ ಮಾಡಿದ ಪಟ್ಟಿ ಈಗ ತೆಗೆಯಿರಿ. ‘ಇಂಥ ತಿರುವಿನಲ್ಲಿ ಒಂಬತ್ತು ನಾಯಿಗಳಿವೆ, ಮೂರಕ್ಕೆ ಕಿವಿ ಕಚ್ಚು ಇದೆ, ಆರಕ್ಕೆ ಇಲ್ಲ, ಅದರಲ್ಲಿ ನಾಲ್ಕು ಹೆಣ್ಣು, ಬೆಳಿಗ್ಗೆ ಆರಕ್ಕೆ ಇಲ್ಲಿ ಸಿಗುತ್ತವೆ’ ಎಂದು ಬರೆದು, ಫೋಟೊ ಅಂಟಿಸಿ, ಹತ್ತು ಮನೆಯವರ ಸಹಿ ಹಾಕಿಸಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು ಪಡೆಯಿರಿ. ಮನೆ ಮಾಲೀಕರ ಸಹಿ ಇರಲಿ, ವಿದ್ಯಾರ್ಥಿಗಳದ್ದೂ ಇರಲಿ. ಹಿಡಿಯುವವರು ಬಂದ ದಿನ ನಾಯಿಗಳ ಗುರುತಿರುವವರು ಜೊತೆಗೆ ನಿಂತರೆ ಕೆಲಸ ಸಲೀಸು. ಸೆಪ್ಟೆಂಬರ್ 28, ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬಿಸ್ ದಿನ. ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತದೆಯೇ ವಿಚಾರಿಸಿ, ಕೈಗೆ ಸಿಗುವ ನಾಯಿಗಳನ್ನು ಒಯ್ಯಿರಿ.

ಊರಿಗೆ ಹೊರಡುವ ಮುಂಚಿನ ವಾರ

ಕೆಂಚಿಯ ವಿಷಯದಲ್ಲಿ ನಾವು ಮಾಡದೇ ಬಿಟ್ಟದ್ದು ಇದು. ಈಗ ನಮ್ಮ ಮನೆಯಲ್ಲಿ ಕೋಣೆಯ ಕೀಲಿ ಒಪ್ಪಿಸುವಾಗ ನಾಯಿಯ ಊಟವನ್ನೂ ಒಪ್ಪಿಸಬೇಕು ಎಂಬ ಕಟ್ಟಳೆ ಇದೆ.

ಹೊರಡುವ ಹತ್ತು ದಿನ ಮುಂಚೆಯೇ, ರಜೆಯಲ್ಲೂ ಓಣಿಯಲ್ಲೇ ಇರುವವರನ್ನು ಹುಡುಕಿ. ಇಂಟರ್ನ್‌ಶಿಪ್ ಮಾಡುವ ಮೆಡಿಕಲ್ ಮಕ್ಕಳು, ಕೆಳಗಿನ ಮನೆಯವರು, ಮೂಲೆಯ ಅಂಗಡಿಯ ಅಣ್ಣ. ಕೊನೆಯ ವಾರ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಅವರ ಕೈಯಿಂದಲೇ ಊಟ ಹಾಕಿಸಿ, ನಾಯಿಗೆ ಅವರ ವಾಸನೆ ಗುರುತಾಗಲಿ. ಅಕ್ಕಿ, ಮೊಟ್ಟೆಗೆ ಆಗುವಷ್ಟು ದುಡ್ಡನ್ನು ಎಲ್ಲರೂ ಸೇರಿ ಕೊಟ್ಟುಹೋಗಿ. ಯಾರೂ ಸಿಗದಿದ್ದರೆ ಊಟವನ್ನು ಒಮ್ಮೆಲೇ ನಿಲ್ಲಿಸಬೇಡಿ. ಉಳಿದ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬನ್ನಿ, ಅಷ್ಟರಲ್ಲಿ ನಾಯಿ ಬೇರೆ ದಾರಿ ನೋಡಿಕೊಳ್ಳುತ್ತದೆ.

ನಮ್ಮ ಮೀಟರ್ ಬೋರ್ಡಿನ ಪಕ್ಕ ಒಂದು ಹಾಳೆ ಅಂಟಿಸಿದ್ದೇವೆ. ಪ್ರತಿ ನಾಯಿಯ ಹೆಸರು, ಕಿವಿ ಕಚ್ಚು ಇದೆಯೋ ಇಲ್ಲವೋ, ರೇಬಿಸ್ ಲಸಿಕೆ ಹಾಕಿಸಿದ ದಿನ, ಮುಂದಿನದು ಯಾವಾಗ, ಈ ತಿಂಗಳು ಊಟ ಯಾರದು. ಕೊನೆಯಲ್ಲಿ ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಮೊದಲ ಸಾಲಿನಲ್ಲಿ ಕೆಂಚಿ. ಕಿವಿ ಕಚ್ಚು ಇದೆ. ಈ ತಿಂಗಳ ಊಟ ಹಾಲಿನ ಹುಡುಗನದು.